ನೆರೆ, ಗುಡ್ಡ ಕುಸಿತದ ನಂತರ ಚರ್ಚಿನ ಸೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಬಂತು ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಒಂದು ಕಣ್ಣು ಹೊಳೆ ಮೇಲೆ, ಇನ್ನೊಂದು ಕಣ್ಣು ಗುಡ್ಡದ ಮೇಲೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಹತ್ತಿರ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ತೀರಿಕೊಂಡರು. 2019ರಲ್ಲಿ, ಮತ್ತೆ 2021ರಲ್ಲಿ ಕಾಳಿ, ಗಂಗಾವಳಿ ಉಕ್ಕಿ ಮನೆಗಳಿಗೆ ನುಗ್ಗಿದವು. ಅದೇ 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಗಳೇ ಜಾರಿಹೋದವು. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿ. 2024ರ ಜುಲೈ 16ರಂದು ಅಂಕೋಲಾದ ಶಿರೂರು. ಪ್ರತಿ ಸಲವೂ ಚರ್ಚಿನ ಅಂಗಳದಲ್ಲಿ ಜನ ಸೇರುತ್ತಾರೆ, ಏನಾದರೂ ಮಾಡಬೇಕು ಅಂತಾರೆ, ಪ್ರಶ್ನೆ ಕೇಳುತ್ತಾರೆ. ಸ್ವಯಂಸೇವಕರು, ಯುವಜನರು, ಬೇರೆ ಧರ್ಮದ ನೆರೆಹೊರೆಯವರು ನಮ್ಮನ್ನು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇವೆ.

ಇದು ದೇವರು ಕೊಟ್ಟ ಶಿಕ್ಷೆಯಾ?

ಅಲ್ಲ. ಈ ಪ್ರಶ್ನೆ ಹೊಸದೂ ಅಲ್ಲ. ಯೇಸುಸ್ವಾಮಿಯ ಕಾಲದಲ್ಲಿ ಜೆರುಸಲೇಮಿನ ಸಿಲೋವಾಮ್ ಎಂಬಲ್ಲಿ ಒಂದು ಗೋಪುರ ಕುಸಿದು 18 ಜನ ಸತ್ತರು. ಸತ್ತವರು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿದ್ದೀರಾ ಅಂತ ಯೇಸುಸ್ವಾಮಿಯೇ ಜನರನ್ನು ಕೇಳಿದರು. ಇಲ್ಲ ಅಂತ ಉತ್ತರವನ್ನೂ ಅವರೇ ಕೊಟ್ಟರು. ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿದೆ, ಓದಿ ನೋಡಿ. ಮನಸ್ಸು ತಿರುಗಿಸಿಕೊಳ್ಳಿ ಅಂತಲೂ ಆಮೇಲೆ ಹೇಳುತ್ತಾರೆ ನಿಜ. ಆದರೆ ಆ ಮಾತನ್ನು ಹೇಳಿದ್ದು ಕೇಳುತ್ತ ನಿಂತವರಿಗೆ. ಮಣ್ಣಿನಡಿ ಸಿಕ್ಕವರ ಮೇಲೆ ಒಂದು ಆರೋಪವನ್ನೂ ಹೊರಿಸಲಿಲ್ಲ.

ಶಿರೂರಿನಲ್ಲಿ ಗುಡ್ಡ ಜಾರಿದಾಗ ಹೆದ್ದಾರಿ ಪಕ್ಕದ ಚಹಾ ಅಂಗಡಿಯಲ್ಲಿ ಬೆಳಗಿನ ಕೆಲಸ ನಡೆದಿತ್ತು. ಲಾರಿ ಚಾಲಕರು ಗಾಡಿ ನಿಲ್ಲಿಸಿಕೊಂಡಿದ್ದರು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಕೊಚ್ಚಿಕೊಂಡು ಹೋಯಿತು. ಒಟ್ಟು 11 ಜನ ತೀರಿಕೊಂಡರು. ಚಹಾ ಕಾಯಿಸುತ್ತಿದ್ದವರು, ಮನೆಯಲ್ಲಿ ಇದ್ದವರು. ಇವರಲ್ಲಿ ಯಾರ ಪಾಪವನ್ನು ಹುಡುಕುವುದು? ಅಲ್ಲಿ ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ಕಡಿದದ್ದು ಎಲ್ಲರ ಕಣ್ಣ ಮುಂದಿದೆ, ದಿನಗಟ್ಟಲೆ ಸುರಿದ ಮಳೆಯೂ ಇದೆ. ಮನುಷ್ಯರು ಮಾಡಿದ್ದನ್ನು ದೇವರ ಲೆಕ್ಕಕ್ಕೆ ಹಾಕಿದರೆ ಮುಂದಿನ ಗುಡ್ಡದ ಬಗ್ಗೆ ಯಾರೂ ಉತ್ತರ ಕೊಡಬೇಕಾಗಿಲ್ಲ ಅಂತಾಗುತ್ತದೆ. ಹಾಗಾಗಿ ದಯವಿಟ್ಟು ಸಾವಿನ ಮನೆಯಲ್ಲಿ, ಪ್ರವಚನದಲ್ಲಿ, ವಾಟ್ಸಾಪಿನಲ್ಲಿ, ಎಲ್ಲೂ ಶಿಕ್ಷೆಯ ಮಾತು ಬೇಡ.

ಹಾಗಾದರೆ ಅಂಥ ಮನೆಗೆ ಹೋಗಿ ಏನು ಮಾತಾಡಬೇಕು?

ಮೊದಲ ದಿನ ಜಾಸ್ತಿ ಏನೂ ಬೇಡ. ಬೈಬಲಿನ ಕಥೆಯಲ್ಲಿ ಯೋಬ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡಾಗ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅವರು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹೇಳಲು ಶುರುಮಾಡಿದ ಮೇಲೆ ಯೋಬನ ನೋವು ಹೆಚ್ಚಾಯಿತು.

"ದೇವರಿಗೆ ಒಳ್ಳೆಯವರೇ ಬೇಕು", "ನೀವಾದರೂ ಉಳಿದಿರಲ್ಲ", "ಎಲ್ಲಾ ಒಳ್ಳೆಯದಕ್ಕೇ". ಈ ಮೂರು ಮಾತನ್ನು ಬಿಡಿ. ಊಟ ಆಯ್ತಾ ಅಂತ ಕೇಳಿ. ರಾತ್ರಿ ಯಾರು ಜೊತೆಗಿರುತ್ತಾರೆ ಅಂತ ಕೇಳಿ. ತೀರಿಹೋದವರ ಹೆಸರು ಹಿಡಿದು ಮಾತಾಡಿದರೆ ತಪ್ಪಿಲ್ಲ. ತುಂಬಾ ಮನೆಗಳಲ್ಲಿ ಅದೇ ಬೇಕಾಗಿರುತ್ತದೆ.

ಸಹಾಯದ ಹೆಸರಲ್ಲಿ ಮತಾಂತರ ಮಾಡುತ್ತೀರಿ ಅಂತಾರಲ್ಲ?

ಈ ಅನುಮಾನ ಊರಲ್ಲಿ ಇದೆ. ಕೇಳುವವರ ಮೇಲೆ ಸಿಟ್ಟಾಗುವುದಕ್ಕಿಂತ ನೇರವಾಗಿ ಉತ್ತರ ಕೊಡುವುದು ಒಳ್ಳೆಯದು.

ಅಕ್ಕಿ ಚೀಲದ ಜೊತೆ ಯಾವ ಷರತ್ತೂ ಬರಬಾರದು. ಇದು ನಮ್ಮ ಬಳಗದ ನಿಯಮ ಮಾತ್ರ ಅಲ್ಲ, ಚರ್ಚಿನದ್ದೇ ಮಾತು. ಪರೋಪಕಾರವನ್ನು ಮತಕ್ಕೆ ಸೆಳೆಯುವ ಸಾಧನ ಮಾಡಿಕೊಳ್ಳಬಾರದು ಅಂತ ಪೋಪ್ 16ನೇ ಬೆನೆಡಿಕ್ಟ್ 2005ರಲ್ಲಿ ಎಲ್ಲ ಕ್ಯಾಥೋಲಿಕರಿಗೆ ಬರೆದ ಪತ್ರದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ರೆಡ್ ಕ್ರಾಸ್ ಮತ್ತು ಹಲವು ಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯಲ್ಲೂ ಇದೇ ಇದೆ. ಜಾತಿ, ಧರ್ಮ ನೋಡದೆ ಕೊಡಬೇಕು, ಕೊಡುವುದನ್ನು ಧರ್ಮ ಅಥವಾ ರಾಜಕೀಯದ ಪ್ರಚಾರಕ್ಕೆ ಬಳಸಬಾರದು. ಕ್ಯಾಥೋಲಿಕ್ ಚರ್ಚಿನ ಸೇವಾ ಸಂಸ್ಥೆ ಕಾರಿಟಾಸ್ ಕೂಡ ಆ ಸಂಹಿತೆ ರೂಪಿಸಿದವರಲ್ಲಿ ಒಂದು.

ಯೇಸುಸ್ವಾಮಿ ಹೇಳಿದ ಸಮಾರಿಯದವನ ಕಥೆಯನ್ನೇ ನೋಡಿ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟ, ಇನ್ನೂ ಖರ್ಚಾದರೆ ಬಂದು ಕೊಡುತ್ತೇನೆ ಅಂದ. ಆ ಗಾಯಾಳು ಯಾರು, ಯಾವ ದೇವರನ್ನು ನಂಬುತ್ತಾನೆ ಅಂತ ಕೇಳಿದ್ದು ಕಥೆಯಲ್ಲಿ ಎಲ್ಲೂ ಇಲ್ಲ.

ಕೆಲಸದಲ್ಲಿ ಇದರ ಅರ್ಥ ಇಷ್ಟು. ಪರಿಹಾರದ ಕಿಟ್ಟಿನಲ್ಲಿ ಕರಪತ್ರ, ಜಪಮಾಲೆ, ಪವಿತ್ರ ಚಿತ್ರ ಏನೂ ಹಾಕುವುದಿಲ್ಲ. ಹಂಚುವ ಜಾಗದಲ್ಲಿ ಪ್ರಾರ್ಥನೆ ಇಡುವುದಿಲ್ಲ. ನಾವು ಹೊರಡುವ ಮುಂಚೆ ಚರ್ಚಿನಲ್ಲಿ ಪ್ರಾರ್ಥಿಸುತ್ತೇವೆ, ವಾಪಸ್ ಬಂದ ಮೇಲೆ ಪ್ರಾರ್ಥಿಸುತ್ತೇವೆ.

ಅವರೇ "ನಮಗಾಗಿ ಪ್ರಾರ್ಥನೆ ಮಾಡಿ" ಅಂದರೆ?

ಮಾಡಿ. ಚಿಕ್ಕದಾಗಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಕ್ಯಾಮೆರಾ ಆಫ್ ಇರಲಿ.

ಮೊದಲು ನಮ್ಮ ಚರ್ಚಿನವರಿಗೆ ಕೊಡಬೇಕಲ್ವಾ?

ಮೊದಲು ಕೊಡಬೇಕಾದದ್ದು ಜಾಸ್ತಿ ಕಳೆದುಕೊಂಡವರಿಗೆ. ಕಾರವಾರ ಧರ್ಮಪ್ರಾಂತ್ಯ (ಒಬ್ಬ ಬಿಷಪರ ಕೆಳಗಿನ ಚರ್ಚುಗಳ ಪ್ರದೇಶ) 1976ರಲ್ಲಿ ಶುರುವಾಗಿದ್ದು. ನಾವು ಈ ಜಿಲ್ಲೆಯಲ್ಲಿ ಚಿಕ್ಕ ಸಂಖ್ಯೆಯ ಜನ. ಹೊಳೆದಂಡೆಯಲ್ಲಿ, ಗುಡ್ಡದ ಬುಡದಲ್ಲಿ ಇರುವ ಮನೆಗಳು ಹಾಲಕ್ಕಿಗಳದ್ದು, ಅಂಬಿಗರದ್ದು, ಹರಿಕಂತ್ರರದ್ದು, ಖಾರ್ವಿಗಳದ್ದು, ನಾಮಧಾರಿಗಳದ್ದು, ನಮ್ಮದೂ. ಹೊಳೆ ನೀರು ಮನೆ ಹೆಸರು ಕೇಳಿ ಒಳಗೆ ಬರುವುದಿಲ್ಲ.

ಒಂದು ವಿಷಯ ಮಾತ್ರ ನೆನಪಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ದೋಣಿಗಳು ದಡದಲ್ಲಿರುತ್ತವೆ, ಕೈಯಲ್ಲಿ ದುಡ್ಡಿರುವುದಿಲ್ಲ, ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ಮತ್ತು ಅಕ್ಕಿಯ ಮೇಲೆ ಮನೆ ನಡೆಯುತ್ತಿರುತ್ತದೆ. ನೆರೆ ಬರುವುದೂ ಹೆಚ್ಚಾಗಿ ಇದೇ ಹೊತ್ತಿಗೆ. ಹಾಗಾಗಿ ಮೀನುಗಾರರ ಮನೆಯಲ್ಲಿ ಎರಡಡಿ ನೀರು ನಿಂತರೂ ನಷ್ಟ ದೊಡ್ಡದು. ಪಟ್ಟಿ ಮಾಡುವಾಗ ಬರೀ ಗೋಡೆ ಬಿದ್ದಿದೆಯಾ ಅಂತ ನೋಡಬೇಡಿ. ಅಕ್ಕಿ ಡಬ್ಬಿಯನ್ನೂ ನೋಡಿ.

ಸುದ್ದಿ ಬಂದ ಕೂಡಲೇ ಹೊರಡಬಹುದಾ?

ಬೇಡ. ಗುಡ್ಡ ಒಮ್ಮೆ ಕುಸಿದ ಜಾಗ ಮತ್ತೆ ಕುಸಿಯಬಹುದು. ಹುಡುಕುವ, ಎತ್ತುವ ಕೆಲಸ ರಾಷ್ಟ್ರೀಯ ವಿಪತ್ತು ಪಡೆಯಾದ ಎನ್‌ಡಿಆರ್‌ಎಫ್, ಅಗ್ನಿಶಾಮಕ ದಳ, ಪೊಲೀಸರದ್ದು. ಹೊಳೆಯ ಹರಿವು ಗೊತ್ತಿರುವ ಸ್ಥಳೀಯ ದೋಣಿಯವರನ್ನು ಅವರೇ ಕರೆಯುತ್ತಾರೆ. 2018ರಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ ಸಾವಿರಾರು ಜನರನ್ನು ಉಳಿಸಿದರು. ಆ ಕೈಗಳಿಗೆ ನೀರಿನ ಅಭ್ಯಾಸ ಇತ್ತು. ಪಟ್ಟಣದಿಂದ ಕಾರಿನಲ್ಲಿ ಬರುವ ನಮಗೆ ಆ ಅಭ್ಯಾಸ ಇಲ್ಲ. ಸುಮ್ನೆ ಹೋಗಿ ನಿಂತರೆ ಆಂಬುಲೆನ್ಸಿಗೆ ದಾರಿ ಇರುವುದಿಲ್ಲ.

ಮೊದಲು ಜಿಲ್ಲಾ ನಿಯಂತ್ರಣ ಕೊಠಡಿಗೆ, ಅಂದರೆ 1077ಕ್ಕೆ, ಇಲ್ಲವೇ ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ ಏನು ಬೇಕು ಅಂತ ಕೇಳಿ. ತುರ್ತು ಇದ್ದರೆ 112. ಚರ್ಚಿನ ಸಭಾಭವನವನ್ನು ಕಾಳಜಿ ಕೇಂದ್ರ (ಮನೆ ಬಿಟ್ಟು ಬಂದವರು ಉಳಿಯುವ ಜಾಗ) ಮಾಡಬಹುದು ಅನ್ನಿಸಿದರೆ ಅದನ್ನೂ ಅವರಿಗೇ ತಿಳಿಸಿ. ಶೌಚಾಲಯ ಎಷ್ಟಿದೆ, ನೀರು ಇದೆಯಾ, ಜನರೇಟರ್ ಇದೆಯಾ ಅಂತ ಕೇಳುತ್ತಾರೆ.

ಹಳೆ ಬಟ್ಟೆ ಕೊಡಬಹುದಾ?

ಬೇಡ. ಪ್ರತಿ ನೆರೆಯ ನಂತರ ಕಾಳಜಿ ಕೇಂದ್ರದ ಮೂಲೆಯಲ್ಲಿ ಹಳೆ ಬಟ್ಟೆಯ ಗುಡ್ಡೆ ಬೀಳುತ್ತದೆ. ಗುಂಡಿ ಹರಿದ ಶರ್ಟು, ಒಂದೇ ಕಾಲಿನ ಚಪ್ಪಲಿ, ಮದುವೆಯ ಸೂಟು. ಮಳೆಯಲ್ಲಿ ನೆನೆದು ವಾಸನೆ ಹೊಡೆದು ಕೊನೆಗೆ ಪಂಚಾಯಿತಿಯ ಕಸದ ಗಾಡಿಗೇ ಹೋಗುತ್ತದೆ. ಬೇಕಾಗುವುದು ಹೊಸ ಒಳಉಡುಪು, ನೈಟಿ, ಲುಂಗಿ, ಟವೆಲ್, ಚಾದರ, ಪ್ಯಾಡು, ಮಕ್ಕಳ ಡೈಪರ್, ಟಾರ್ಚ್, ಸೊಳ್ಳೆ ಬತ್ತಿ. ಬಟ್ಟೆಯ ಅಳತೆ ಕೇಳಿಕೊಂಡು ತನ್ನಿ. ಹೆಂಗಸರಿಗೆ ಬೇಕಾದ್ದನ್ನು ಹೆಂಗಸರೇ ಹಂಚಲಿ, ಸಾಲಿನಲ್ಲಿ ಎಲ್ಲರೆದುರು ಬೇಡ.

ನೀರು ಇಳಿದ ಮೇಲೆ ಮನೆ ಸ್ವಚ್ಛ ಮಾಡಲು ಹೋಗುತ್ತಿದ್ದೇವೆ. ಏನು ಗೊತ್ತಿರಬೇಕು?

ಚರ್ಚಿನ ಯುವಜನರು ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು. ಆದರೆ ಕ್ರಮ ತಪ್ಪಿದರೆ ಮನೆಯವರಿಗೆ ನಷ್ಟ.

ಒರೆಸುವ ಮುಂಚೆ ಫೋಟೋ. ಗೋಡೆಯ ಮೇಲೆ ನೀರು ನಿಂತ ಗುರುತು, ಬಿದ್ದ ಮಾಡು, ಹಾಳಾದ ಸಾಮಾನು, ಎಲ್ಲವನ್ನೂ ಮನೆಯವರ ಮೊಬೈಲಿನಲ್ಲೇ ತೆಗೆಯಿರಿ. ನಷ್ಟದ ಪಂಚನಾಮೆಗೆ ಅದೇ ಆಧಾರ. ಉತ್ಸಾಹದಲ್ಲಿ ಗೋಡೆ ಒರೆಸಿಬಿಟ್ಟರೆ ಆಮೇಲೆ ಬಂದ ಅಧಿಕಾರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಫೋಟೋಗೂ ಮೊದಲು ಕರೆಂಟ್ ನೋಡಿ. ಮೇನ್ ಸ್ವಿಚ್ ಆಫ್ ಆಗಿದೆ ಅಂತ ಖಾತ್ರಿ ಆಗದೆ ಒಳಗೆ ಕಾಲಿಡಬೇಡಿ. ಗಂಬೂಟು, ಗ್ಲೌಸ್ ಇರಲಿ. ಕಪಾಟಿನ ಕೆಳಗೆ, ಹಾಸಿಗೆ ಸುರುಳಿಯಲ್ಲಿ ಹಾವು ಸೇರಿಕೊಂಡಿರುತ್ತದೆ, ಕೋಲಿನಿಂದ ಮೊದಲು ತಟ್ಟಿ. ಕಾಲಲ್ಲಿ ಗಾಯ ಇದ್ದವರು ಕೆಸರಿಗೆ ಇಳಿಯಬಾರದು, ಇಲಿ ಜ್ವರ ಹರಡುವುದು ಹಾಗೇ. ಕೆಸರನ್ನು ಒಣಗಲು ಬಿಡಬೇಡಿ. ಹಸಿ ಇದ್ದಾಗ ಸಲಿಕೆ, ಬುಟ್ಟಿಯಲ್ಲಿ ಹೋಗುತ್ತದೆ. ಒಣಗಿದರೆ ಹಾರೆ ಬೇಕು.

ದೇವರ ಕೋಣೆ, ತುಳಸಿಕಟ್ಟೆ, ದೈವದ ಜಾಗ ಇವಕ್ಕೆ ಕೇಳದೆ ಕೈ ಹಾಕಬೇಡಿ. ಕೆಲವರು ನೀವೇ ಮಾಡಿ ಅಂತಾರೆ, ಕೆಲವರಿಗೆ ತಮ್ಮ ಕೈಯಿಂದಲೇ ಆಗಬೇಕು. ಗಂಗಾವಳಿ ದಂಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಅಡುಗೆಮನೆ ಆಮೇಲೆ ಆಗಲಿ, ಮೊದಲು ತುಳಸಿಕಟ್ಟೆ ತೊಳೀರಿ ಅಂದರು. ನಮ್ಮ ಹುಡುಗರು ಕೊಡಪಾನ ಕೊಡಪಾನ ನೀರು ತಂದುಕೊಟ್ಟರು, ಅಜ್ಜಿ ತಾವೇ ತೊಳೆದರು. ಕಟ್ಟೆಯ ಕೆಂಪು ಬಣ್ಣ ಕಾಣುವವರೆಗೂ ಅವರು ಬೇರೆ ಯಾವ ಕೆಲಸಕ್ಕೂ ಏಳಲಿಲ್ಲ. ಆ ಹೊತ್ತು ದಂಡವಾಯಿತು ಅಂತ ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ. ಆ ಮನೆಗೆ ಬೇಕಾಗಿದ್ದ ಸೇವೆ ಅದೇ.

ಒದ್ದೆಯಾದ ಕಾಗದಪತ್ರಗಳನ್ನು ಎಸೆಯಲು ಬಿಡಬೇಡಿ. ಪಹಣಿ, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಳೆದು ಬಿಡಿಸಬೇಡಿ, ಬಿಸಿಲಿಗೂ ಹಾಕಬೇಡಿ. ಹಳೆ ಪತ್ರಿಕೆಯ ನಡುವೆ ಇಟ್ಟು, ಗಾಳಿ ಆಡುವ ಕಡೆ ನಿಧಾನ ಒಣಗಿಸಿ. ಪತ್ರಿಕೆ ಒದ್ದೆಯಾದ ಹಾಗೆ ಬದಲಿಸುತ್ತಿರಿ.

ಬಾವಿ ನೀರು ಕುಡಿಯಬಹುದಾ?

ಕೆಸರು ನೀರು ನುಗ್ಗಿದ ಬಾವಿಯನ್ನು ಮೊದಲು ಖಾಲಿ ಮಾಡಿಸಬೇಕು. ಹೊಸ ನೀರು ತುಂಬಿದ ಮೇಲೆ ಬ್ಲೀಚಿಂಗ್ ಪೌಡರ್. ಸಾಮಾನ್ಯ ಲೆಕ್ಕ 1000 ಲೀಟರಿಗೆ ಸುಮಾರು 2.5 ಗ್ರಾಂ. ನೆರೆಯ ನಂತರ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಆರೋಗ್ಯ ಇಲಾಖೆಯವರು ನೋಡಿ ಹೇಳುತ್ತಾರೆ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಮಾತ್ರ ಬಾವಿಗೆ ಬಿಟ್ಟು ಒಂದು ಗಂಟೆಯಾದರೂ ಬಿಡಿ. ಆಮೇಲೂ ಕುದಿಸಿಯೇ ಕುಡಿಯಿರಿ. ಜ್ವರ, ಮೀನಖಂಡದ ನೋವು ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಕೆಸರಲ್ಲಿ ಕೆಲಸ ಮಾಡಿದ್ದನ್ನು ಅವರಿಗೆ ಹೇಳಿ.

ನಾವು ಅಡುಗೆ ಮಾಡಿದರೆ ಎಲ್ಲರೂ ಉಣ್ಣುತ್ತಾರಾ?

ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಯಾರೂ ಬೇಡ ಅನ್ನುವುದಿಲ್ಲ. ಸಸ್ಯಾಹಾರವನ್ನೇ ಮಾಡಿ, ಅದೇ ಸುಲಭ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೆಲವು ಮನೆಗಳಲ್ಲಿ ಹೊರಗಿನ ಅಡುಗೆ ಉಣ್ಣುವುದಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅಕ್ಕಿ, ಬೇಳೆ, ತೆಂಗಿನಕಾಯಿ, ಗ್ಯಾಸ್ ಕೊಟ್ಟು ಬನ್ನಿ. ದೇವಸ್ಥಾನದವರೋ ಮಸೀದಿಯವರೋ ಆಗಲೇ ಅಡುಗೆ ಶುರುಮಾಡಿದ್ದರೆ ಇನ್ನೊಂದು ಒಲೆ ಹೂಡುವುದು ಬೇಡ. ಅಲ್ಲಿಗೇ ಹೋಗಿ ತರಕಾರಿ ಹೆಚ್ಚಿ, ಪಾತ್ರೆ ತೊಳೆಯಿರಿ.

ಒಂದು ವಾರದ ನಂತರ ಮಾಡುವ ಕೆಲಸ ಏನಿರುತ್ತದೆ?

ನಿಜವಾದ ಕೆಲಸ ಆಗ ಶುರು. ಮೊದಲ ವಾರ ಎಲ್ಲರೂ ಬರುತ್ತಾರೆ. ಟಿವಿಯವರು, ನಾಯಕರು, ನೀರಿನ ಬಾಟಲಿಯ ಲಾರಿಗಳು. ಹದಿನೈದು ದಿನ ಕಳೆದರೆ ಅಂಗಳ ಖಾಲಿ. ಆಗ ಉಳಿಯುವುದು ಕಾಗದದ ಕೆಲಸ, ಸಾಲದ ಕಂತು, ರಾತ್ರಿ ಮಳೆ ಜೋರಾದರೆ ಬೆಚ್ಚಿ ಏಳುವ ಮಕ್ಕಳು. ಶಾಲೆ, ಆಸ್ಪತ್ರೆ, ಚರ್ಚು ಅಂತ ಈ ಜಿಲ್ಲೆಯಲ್ಲಿ ಊರೂರಲ್ಲೂ ಇರುವ ನಾವು ಎಲ್ಲಿಗೂ ಹೋಗುವವರಲ್ಲ. ನಮ್ಮ ಶಕ್ತಿ ಇರುವುದೇ ಇಲ್ಲಿ.

ಪರಿಹಾರದ ಅರ್ಜಿಯನ್ನೇ ತೆಗೆದುಕೊಳ್ಳಿ. ಜೀವ ಹೋದ ಮನೆಗೆ ವಿಪತ್ತು ನಿಧಿಯ ನಿಯಮದಂತೆ 4 ಲಕ್ಷ ರೂಪಾಯಿ ಇದೆ. ಅದಕ್ಕೆ ಮರಣ ಪ್ರಮಾಣಪತ್ರ, ಪೋಸ್ಟ್‌ಮಾರ್ಟಂ ವರದಿ, ವಂಶವೃಕ್ಷ, ಆಧಾರ್, ಬ್ಯಾಂಕ್ ಖಾತೆ ಬೇಕಾಗುತ್ತದೆ. ಮನೆ ಬಿದ್ದರೆ ಮನೆಯ ಕಾಗದ ಕೇಳುತ್ತಾರೆ. ಹೊಳೆದಂಡೆಯ ಎಷ್ಟೋ ಮನೆಗಳ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ. ಗಂಡನನ್ನು ಕಳೆದುಕೊಂಡು ತಿಂಗಳಾಗದ ಹೆಂಗಸು ಗ್ರಾಮ ಆಡಳಿತಾಧಿಕಾರಿ, ನಾಡಕಚೇರಿ, ತಾಲೂಕು ಕಚೇರಿ ಅಂತ ಅಲೆಯಬೇಕು. ಆಕೆಯ ಜೊತೆ ಬಸ್ಸಿನಲ್ಲಿ ಹೋಗಿ, ಅರ್ಜಿ ಬರೆದುಕೊಟ್ಟು, ಸ್ವೀಕೃತಿ ತೆಗೆದುಕೊಂಡು, ಮುಂದಿನ ವಾರ ಮತ್ತೆ ಹೋಗುವ ಒಬ್ಬ ಮನುಷ್ಯ ಬೇಕು. ಯಾರಿಗೂ ಕಾಣದ ಕೆಲಸ ಇದು. ಹಸಿದವನಿಗೆ "ಚೆನ್ನಾಗಿರು, ಹೊಟ್ಟೆ ತುಂಬಾ ಉಣ್ಣು" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು ಅಂತ ಬೈಬಲಿನಲ್ಲಿ ಸಂತ ಯಕೋಬ ಕೇಳುತ್ತಾನಲ್ಲ, ನಿವೃತ್ತ ಮೇಷ್ಟ್ರುಗಳೇ, ಬ್ಯಾಂಕಿನಲ್ಲಿ ಕೆಲಸ ಮಾಡಿದವರೇ, ಆ ಮಾತು ನಿಮಗಾಗಿ. ಸಲಿಕೆ ಹಿಡಿಯಲು ಆಗದಿದ್ದರೆ ಪೆನ್ನು ಹಿಡಿಯಿರಿ.

ದೇಹವೇ ಸಿಗದಿದ್ದರೆ?

ಇದಕ್ಕಿಂತ ಕಷ್ಟದ ಪ್ರಶ್ನೆಯನ್ನು ನಮಗೆ ಯಾರೂ ಕೇಳಿಲ್ಲ. ಶಿರೂರಿನಲ್ಲಿ ಕೇರಳದ ಲಾರಿ ಚಾಲಕರೊಬ್ಬರ ದೇಹ ಗಂಗಾವಳಿಯಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಎರಡು ತಿಂಗಳು ದಾಟಿದ ಮೇಲೆ. ಕೆಲವು ಮನೆಯವರಿಗೆ ಅಷ್ಟೂ ಸಿಗಲಿಲ್ಲ.

ಕಾನೂನಿನ ಸಾಮಾನ್ಯ ನಿಯಮದಲ್ಲಿ 7 ವರ್ಷ ಸುಳಿವಿಲ್ಲದಿದ್ದರೆ ಮೃತ ಅಂತ ಭಾವಿಸುತ್ತಾರೆ. ಆದರೆ ದೊಡ್ಡ ದುರಂತಗಳಲ್ಲಿ ಸರ್ಕಾರ ಬೇರೆ ದಾರಿ ಮಾಡಿದ್ದುಂಟು. 2013ರ ಉತ್ತರಾಖಂಡದ ಪ್ರವಾಹದ ನಂತರ ಹಾಗೆ ಆಗಿದೆ. ಪೊಲೀಸರಲ್ಲಿ ನಾಪತ್ತೆ ದೂರು ದಾಖಲಾಗಿರಲಿ, ಅದರ ಪ್ರತಿ ಇಟ್ಟುಕೊಳ್ಳಿ, ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಿ.

ಕ್ಯಾಥೋಲಿಕ್ ಕುಟುಂಬವಾದರೆ ದೇಹ ಇಲ್ಲದೆಯೂ ಮೃತರಿಗಾಗಿ ಬಲಿಪೂಜೆ (ಚರ್ಚಿನಲ್ಲಿ ನಡೆಯುವ ಮಾಸ್) ಮಾಡಿಸಬಹುದು, ಯಾವ ಅಡ್ಡಿಯೂ ಇಲ್ಲ. ಆದರೆ ಯಾವಾಗ ಅಂತ ಮನೆಯವರೇ ಹೇಳಬೇಕು. ಇನ್ನೂ ಕಾಯುತ್ತಿದ್ದೇವೆ ಅಂದರೆ ಅವರ ಜೊತೆ ಕಾಯಿರಿ. ಬೇರೆ ಧರ್ಮದ ಮನೆಯಾದರೆ ಅವರ ವಿಧಿಗೆ ಬೇಕಾದ ಸಹಾಯ ಮಾಡಿ, ಗೋಕರ್ಣಕ್ಕೆ ಹೋಗಲು ಒಂದು ಗಾಡಿ ಬೇಕಿದ್ದರೆ ಅದನ್ನೂ.

ಗಲ್ಫಿನಲ್ಲಿರುವ ನಮ್ಮವರು ಹಣ ಕಳಿಸುತ್ತೇವೆ ಅಂತಾರೆ. ತೊಂದರೆ ಇದೆಯಾ?

ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರ ಹಣ, ಪೋರ್ಚುಗಲ್ ಇರಲಿ, ಬ್ರಿಟನ್ ಇರಲಿ, ವಿದೇಶಿ ದೇಣಿಗೆಯೇ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾನೂನು) ನೋಂದಣಿ ಇರುವ ಸಂಸ್ಥೆ ಮಾತ್ರ, ಅದಕ್ಕೆಂದೇ ಇರುವ ಖಾತೆಯಲ್ಲಿ ತೆಗೆದುಕೊಳ್ಳಬೇಕು. ಯಾರದೋ ವೈಯಕ್ತಿಕ ಯುಪಿಐಗೆ ಹಾಕಿಸಿಕೊಳ್ಳಬೇಡಿ.

ಲೆಕ್ಕ ಯಾರಿಗೆ ತೋರಿಸಬೇಕು?

ಎಲ್ಲರಿಗೂ. ಚರ್ಚಿನ ಮೊದಲ ದಿನಗಳಲ್ಲೇ, ಬರಗಾಲಕ್ಕೆ ಸಿಕ್ಕ ಜುದೇಯ ನಾಡಿನವರಿಗೆ ಅಂತಿಯೋಕ್ಯ ಪಟ್ಟಣದ ವಿಶ್ವಾಸಿಗಳು ಕೈಲಾದಷ್ಟು ಕೂಡಿಸಿ ಕಳಿಸಿದ್ದರು, ಚರ್ಚಿನ ಪರಿಹಾರ ನಿಧಿಯ ಕಥೆ ಅಷ್ಟು ಹಳೆಯದು. ಸಂತ ಪೌಲ ಇಂಥ ಹಣ ಒಯ್ಯುವಾಗ ಒಬ್ಬನೇ ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಬೇರೆಯವರನ್ನೂ ಜೊತೆಗೆ ಕರೆದುಕೊಂಡ. ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಬಂದದ್ದು, ಹೋದದ್ದು ಹಾಕಿ. ಪಡೆದವರ ಹೆಸರು ಮಾತ್ರ ಬೇಡ.

ಸೇವೆಗೆ ಹೋಗಿ ಭಾನುವಾರದ ಪೂಜೆ ತಪ್ಪಿದರೆ ಪಾಪವಾ?

ಗಂಭೀರ ಕಾರಣ ಇದ್ದಾಗ ಅಲ್ಲ. ಸಬ್ಬತ್ (ಯೆಹೂದ್ಯರ ವಿಶ್ರಾಂತಿಯ) ದಿನ ಎತ್ತು ಬಾವಿಗೆ ಬಿದ್ದರೆ ನೀವು ಎತ್ತುವುದಿಲ್ಲವಾ ಅಂತ ಕೇಳಿದವರು ಯೇಸುಸ್ವಾಮಿಯೇ. ಫಾದರ್‌ಗೆ ಮೊದಲೇ ತಿಳಿಸಿ, ಸಂಜೆ ಪೂಜೆ ಇಡಲು ಆಗಬಹುದು.

ಸ್ವಯಂಸೇವಕರಿಗೇ ನಿದ್ದೆ ಬರುತ್ತಿಲ್ಲ. ಏನು ಮಾಡಬೇಕು?

ಮಣ್ಣಿನಿಂದ ಹೊರತೆಗೆದದ್ದನ್ನು ನೋಡಿದ ಮೇಲೆ ಹೀಗಾಗುವುದು ಸಹಜ. ವಿಶ್ವಾಸ ಕಡಿಮೆಯಾಯಿತು ಅಂತ ಅಂದುಕೊಳ್ಳಬೇಡಿ. ಕೆಲಸದಿಂದ ಕೆಲವು ದಿನ ಬಿಡುವು ತೆಗೆದುಕೊಳ್ಳಿ, ಜೊತೆಗಿದ್ದವರ ಹತ್ತಿರ ಮಾತಾಡಿ. ವಾರಗಟ್ಟಲೆ ಹಾಗೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗುಡ್ಡ ಕಡಿಯುವುದರ ಬಗ್ಗೆ ಚರ್ಚು ಮಾತಾಡಿದರೆ ರಾಜಕೀಯ ಆಗುವುದಿಲ್ವಾ?

ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದ ಪರಿಸರದ ಪತ್ರದಲ್ಲಿ ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಒಟ್ಟಿಗೇ ಕೇಳಬೇಕು ಅಂದಿದ್ದಾರೆ. ನಮ್ಮಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಗುಡ್ಡದ ಬುಡದಲ್ಲಿ ಜಾಗ ಅಗ್ಗ, ಹಾಗಾಗಿ ಅಲ್ಲಿರುವವರು ಬಡವರು. ಕಾಳಿ ಹೊಳೆಯ ಕದ್ರಾ ಅಣೆಕಟ್ಟಿನಿಂದ ಎಷ್ಟು ನೀರು ಯಾವಾಗ ಬಿಡುತ್ತಾರೆ ಅಂತ ಕೆಳಗಿನ ಹಳ್ಳಿಗಳಿಗೆ ಮೊದಲೇ ಗೊತ್ತಾಗಬೇಕು, ನೇರ ಕಡಿದ ಗುಡ್ಡಕ್ಕೆ ತಡೆ ಬೇಕು ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳುವುದು ಯಾವ ಪಕ್ಷದ ಕೆಲಸವೂ ಅಲ್ಲ. ಸತ್ತವರಿಗಾಗಿ ಮೇಣದಬತ್ತಿ ಹಚ್ಚುವವರು ಇದನ್ನೂ ಕೇಳಬೇಕು ಅಂತ ನಾವು ಗಟ್ಟಿಯಾಗಿ ನಂಬುತ್ತೇವೆ.

ಮುಂದಿನ ಮಳೆಗಾಲಕ್ಕೆ ಈಗಲೇ ಏನು ಮಾಡಬಹುದು?

ಮೇ ತಿಂಗಳಲ್ಲಿ ಚರ್ಚಿನ ವಾರ್ಡಿನ ಗುರಿಕಾರರು (ಮುಖಂಡರು) ಒಂದು ಪಟ್ಟಿ ಮಾಡಲಿ. ಹಾಸಿಗೆ ಹಿಡಿದವರು, ಬಸುರಿಯರು, ಒಬ್ಬರೇ ಇರುವ ಹಿರಿಯರು ಯಾವ ಮನೆಯಲ್ಲಿದ್ದಾರೆ, ರಾತ್ರಿ ಎತ್ತಿ ತರಬೇಕಾದರೆ ಯಾರು ಹೋಗುತ್ತಾರೆ ಅಂತ. ಎಲ್ಲ ಧರ್ಮದ ಮನೆಗಳೂ ಅದರಲ್ಲಿರಲಿ. ಮುಖ್ಯ ಕಾಗದಗಳ ಫೋಟೋ ತೆಗೆದಿಟ್ಟು, ಮೂಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಎತ್ತರದಲ್ಲಿ ಇಡಲು ಹೇಳಿ. ಗುಡ್ಡದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾಗುವುದು, ಇಂಥದ್ದು ಕಂಡರೆ ಬೆಳಗಾಗಲಿ ಅಂತ ಕಾಯದೆ ಮನೆ ಬಿಟ್ಟು ಹೊರಡಿ. ಸಭಾಭವನದ ಕೀಲಿ ಯಾರ ಹತ್ತಿರ ಇದೆ ಅಂತ ಕನಿಷ್ಠ ಮೂರು ಮನೆಯವರಿಗೆ ಗೊತ್ತಿರಲಿ.